ಗುರುವಿನ ಹಾವುಗೆ, ಶಿಷ್ಯನ ಹಲ್ಲು

ಅರಸೀಕೆರೆಯಿಂದ ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ ಹೋಗುವವರಿಗೆ ಸಾಮಾನ್ಯವಾಗಿ ಹೊಯ್ಸಳರ ಶಿಲ್ಪಿಗಳು ನೆನಪಾಗುತ್ತಾರೆ. ನನಗೆ ಮಾತ್ರ ಒಬ್ಬ ಕರಣಿಕ ನೆನಪಾಗುತ್ತಾನೆ. ದೋರಸಮುದ್ರದ ಅರಮನೆಯಲ್ಲಿ ಲೆಕ್ಕ ಬರೆಯುತ್ತಿದ್ದ ಆತ ಇದ್ದಕ್ಕಿದ್ದಂತೆ ಕಡತವನ್ನು ಕೈಯಿಂದ ಉಜ್ಜತೊಡಗಿದನಂತೆ. ಕಾರಣ ಕೇಳಿದಾಗ, ಹಂಪೆಯ ವಿರೂಪಾಕ್ಷನ ಗುಡಿಯಲ್ಲಿ ತೆರೆಗೆ ಬೆಂಕಿ ಹತ್ತಿದೆ, ಅದನ್ನು ಆರಿಸುತ್ತಿದ್ದೇನೆ ಎಂದನಂತೆ. ವಿಚಾರಿಸಿ ನೋಡಿದರೆ ಅದು ನಿಜವಾಗಿತ್ತು ಎನ್ನುತ್ತದೆ ಐತಿಹ್ಯ. ಅರಸನ ಲೆಕ್ಕವನ್ನು ಅಲ್ಲಿಗೇ ಮುಗಿಸಿ ಹಂಪೆಯ ಹಾದಿ ಹಿಡಿದ ಆ ಕರಣಿಕನೇ ಹರಿಹರ. ಅವನ ಸೋದರಳಿಯನೂ ಶಿಷ್ಯನೂ ಆದವನು ರಾಘವಾಂಕ. ನಾನು ಹೇಳಹೊರಟಿರುವುದು ಈ ಸೋದರಳಿಯನ ಕಥೆ.

ಮಹಾದೇವಭಟ್ಟ, ರುದ್ರಾಣಿ ದಂಪತಿಯ ಮಗನಾದ ರಾಘವಾಂಕ ಹಂಪೆಯಲ್ಲಿ ಬೆಳೆದದ್ದು ಮಾವನ ನೆರಳಿನಲ್ಲಿ. ಆ ನೆರಳು ಚಿಕ್ಕದಾಗಿರಲಿಲ್ಲ. ಚಂಪುವಿನ ರಾಜಮಾರ್ಗವನ್ನು ಬಲ್ಲವನಾಗಿದ್ದೂ, ಶರಣರ ಬಾಳನ್ನು ಹೇಳಲು ಹರಿಹರ ರಗಳೆಯನ್ನು ಆರಿಸಿಕೊಂಡ. ಅರಸರನ್ನು ಬಿಟ್ಟು ಸಾಮಾನ್ಯ ಭಕ್ತರನ್ನು ನಾಯಕರನ್ನಾಗಿ ಮಾಡಿದ. ಶಿವನನ್ನೂ ಶಿವಭಕ್ತರನ್ನೂ ಹೊರತು ಮನುಷ್ಯಮಾತ್ರರನ್ನು ಹೊಗಳುವುದಿಲ್ಲ ಎಂಬುದು ಅವನ ವ್ರತ. ತನ್ನ ಕಾಲದಲ್ಲಿ ಅದೊಂದು ಬಂಡಾಯವೇ ಸರಿ. ಆದರೆ ಒಬ್ಬನ ಬಂಡಾಯ ಮುಂದಿನವನಿಗೆ ಕಟ್ಟಳೆಯಾಗಲು ಒಂದು ತಲೆಮಾರು ಸಾಕು.

ರಾಘವಾಂಕ ಹರಿಶ್ಚಂದ್ರನ ಕಥೆಯನ್ನು ಎತ್ತಿಕೊಂಡ. ಅನಂತರದ ಪುರಾಣಕಾರರು ಹೇಳುವಂತೆ, ಕಾವ್ಯ ರಾಜಸಭೆಯ ಮನ್ನಣೆ ಪಡೆಯಿತು. ಹಿಗ್ಗಿನಿಂದ ಶಿಷ್ಯ ಅದನ್ನು ಗುರುವಿನ ಮುಂದೆ ತಂದಿಟ್ಟ. ಗುರು ಮೆಚ್ಚಲಿಲ್ಲ. ಶಿವನನ್ನು ಬಿಟ್ಟು ಸೂರ್ಯವಂಶದ ಒಬ್ಬ ನರನನ್ನು ಕೊಂಡಾಡಿದ್ದಕ್ಕೆ ಕೆರಳಿ ಕಾಲಿನ ಹಾವುಗೆಯಿಂದ ಹೊಡೆದ. ಶಿಷ್ಯನ ಐದು ಹಲ್ಲು ಉದುರಿದವು. ಪ್ರಾಯಶ್ಚಿತ್ತವಾಗಿ ಐದು ಶೈವ ಕಾವ್ಯಗಳನ್ನು ಬರೆದಂತೆಲ್ಲ ಒಂದೊಂದೇ ಹಲ್ಲು ಮರಳಿ ಬಂತು.

ಇದು ನಡೆದದ್ದೆಂದು ನಾನು ನಂಬುವುದಿಲ್ಲ. ರಾಘವಾಂಕ ತನ್ನ ಕಾವ್ಯಗಳಲ್ಲಿ ಗುರುವನ್ನು ನೆನೆಯುವುದು ಭಕ್ತಿಯಿಂದಲೇ. ಆದರೂ ಈ ಕಥೆಯನ್ನು ತಳ್ಳಿಹಾಕಲು ಮನಸ್ಸು ಬಾರದು. ಮತದ ಕಟ್ಟಿಗೆ ಹೊರಗಿನ ಕಥೆಯನ್ನು ಪರಮ ಶಿವಕವಿಯೊಬ್ಬ ಇಷ್ಟು ಚೆನ್ನಾಗಿ ಏಕೆ ಬರೆದ ಎಂಬ ಮುಜುಗರ ಇದರಲ್ಲಿದೆ. ಕಾವ್ಯವನ್ನು ಅಳಿಸಲಾಗದವರು ಕವಿಗೆ ಶಿಕ್ಷೆ ಕೊಡಿಸಿ ಸಮಾಧಾನಪಟ್ಟುಕೊಂಡರೆಂದು ತೋರುತ್ತದೆ.

ಆ ಕಾವ್ಯದ ವಸ್ತುವಾದರೂ ಏನು? ತಪಸ್ಸಿನ ಬಲವನ್ನೆಲ್ಲ ಬೆನ್ನಿಗಿಟ್ಟುಕೊಂಡ ಋಷಿಯೊಬ್ಬ ಒಬ್ಬ ಮನುಷ್ಯನ ಬಾಯಲ್ಲಿ ಸುಳ್ಳು ಹೇಳಿಸಲು ಹಟ ತೊಡುತ್ತಾನೆ. ಇಂದ್ರನ ಸಭೆಯಲ್ಲಿ ವಸಿಷ್ಠನೊಡನೆ ಆಡಿದ ಪಂಥ ಅದು. ರಾಜ್ಯ ಹೋಗುತ್ತದೆ, ಹೆಂಡತಿ ಮಗ ಮಾರಾಟವಾಗುತ್ತಾರೆ, ಅರಸ ವೀರಬಾಹುಕನ ಆಳಾಗಿ ಸುಡುಗಾಡು ಕಾಯುತ್ತಾನೆ. ವಿಶ್ವಾಮಿತ್ರ ಕಳುಹಿಸಿದ ಗಾನರಾಣಿಯರನ್ನು ಕುಲದ ಕಾರಣಕ್ಕೆ ಮದುವೆಯಾಗಲೊಪ್ಪದ ಅರಸ ಇಂದಿನ ಓದುಗನನ್ನು ಚುಚ್ಚುತ್ತಾನೆ, ಚುಚ್ಚಲೇಬೇಕು. ಅದೇ ಅರಸನನ್ನು ಕವಿ ಚಂಡಾಲನ ಸೇವೆಗೆ ನಿಲ್ಲಿಸುತ್ತಾನೆ. ಕಡೆಗೆ ಸತ್ಯವೂ ಶಿವನೂ ಬೇರೆಯಲ್ಲವೆಂಬ ನಿಲುವಿಗೆ ಕಾವ್ಯ ಬರುತ್ತದೆ. ಗುರು ಅಷ್ಟು ದೂರ ಓದಿದ್ದರೆ ಕಾಲಿನಿಂದ ಹಾವುಗೆ ತೆಗೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಈ ಕವಿಯ ಬದುಕಿನ ಕಾಲ ಹನ್ನೆರಡನೆಯ ಶತಮಾನದ ಕೊನೆ, ಹದಿಮೂರನೆಯದರ ಆರಂಭ. ಅದೇ ಸುಮಾರಿಗೆ, 1220ರಲ್ಲಿ, ಅರಸೀಕೆರೆಯಲ್ಲಿ ರೇಚರಸ ಸಹಸ್ರಕೂಟ ಜಿನಾಲಯ ಕಟ್ಟಿಸಿದ. ಅಲ್ಲಿಯ ಈಶ್ವರ ದೇವಾಲಯವೂ ಆ ಕಾಲದ್ದೇ. ಬೇಲೂರಿನಲ್ಲಿ 1117ರಿಂದ ಚೆನ್ನಕೇಶವ ಪೂಜೆಗೊಳ್ಳುತ್ತಿದ್ದ. ಒಂದು ದಿನದ ಪ್ರಯಾಣದಲ್ಲಿ ಮೂರು ಮತಗಳು. ನೆರೆಹೊರೆ ಎಂದಮೇಲೆ ತಕರಾರೂ ಇತ್ತು. ಹಳೇಬೀಡಿನ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಯಾರೋ ಲಿಂಗಮುದ್ರೆ ಒತ್ತಿದ್ದು, ಜೈನರು ಅದನ್ನು ಅಳಿಸಿದ್ದು, ಎರಡೂ ಕಡೆಯ ಹಿರಿಯರು ಕೂತು ಬಗೆಹರಿಸಿಕೊಂಡದ್ದು 1638ರ ಶಾಸನದಲ್ಲಿದೆ. ಮೊದಲು ವಿಭೂತಿ, ವೀಳ್ಯ; ಆಮೇಲೆ ಜಿನಪೂಜೆ ಎಂಬುದು ಒಪ್ಪಂದ. ಯಾರು ಬಾಗಿದರು, ಯಾರು ಬಾಗಿಸಿದರು ಎಂಬುದು ಅದನ್ನು ಓದಿದ ಯಾರಿಗೂ ತಿಳಿಯುತ್ತದೆ.

ರಾಘವಾಂಕ ಬಾಗಿದನೇ? ಗುರುವಿನ ರಗಳೆಯನ್ನು ಅವನು ಮುಟ್ಟಲಿಲ್ಲ. ಶಾಸನಗಳಲ್ಲಿ ಅಲ್ಲಲ್ಲಿ ಮಿಂಚುತ್ತಿದ್ದ ಷಟ್ಪದಿಯನ್ನು ಇಡೀ ಕಾವ್ಯ ಹೊರುವಷ್ಟು ಬಲಪಡಿಸಿದ. ಮುಂದೆ ಕುಮಾರವ್ಯಾಸನೂ, ಇಲ್ಲೇ ಸಮೀಪದ ದೇವನೂರಿನವನೆಂದು ಬಹುಮಂದಿ ನಂಬುವ ಲಕ್ಷ್ಮೀಶನೂ ನಡೆದದ್ದು ಆ ದಾರಿಯಲ್ಲಿ. ಮತಕ್ಕೆ ಒಪ್ಪುವ ವಸ್ತುವನ್ನು ಬರೆದಾಗಲೂ ಅವನು ಕುಗ್ಗಲಿಲ್ಲ. ಸೊನ್ನಲಿಗೆಯ ಸಿದ್ಧರಾಮನ ಚರಿತ್ರೆಯನ್ನು ಓದಿದವರಿಗೆ ಅದು ದಂಡ ತೆತ್ತವನ ಬರಹವೆನಿಸದು.

ಹೊಡೆತ ತಿಂದ ಕಾವ್ಯವನ್ನು ಗಮಕಿಗಳು ಹಾಡಿದರು, ತ.ಸು. ವೆಂಕಣ್ಣಯ್ಯ, ಎ.ಆರ್. ಕೃಷ್ಣಶಾಸ್ತ್ರಿಗಳ ಸಂಗ್ರಹದ ಮೂಲಕ ಅದು ಕಾಲೇಜಿನ ಮಕ್ಕಳನ್ನು ಮುಟ್ಟಿತು. 1965ರಲ್ಲಿ ರಾಜ್‌ಕುಮಾರ್ ಹರಿಶ್ಚಂದ್ರನಾಗಿ ಆ ಕಥೆಯನ್ನು ಊರೂರಿಗೆ ಒಯ್ದರು. ಹಲ್ಲು ಮರಳಿಸಿದವೆನ್ನುವ ಐದರಲ್ಲಿ ಸಿದ್ಧರಾಮ, ಸೋಮನಾಥ, ವೀರೇಶ್ವರ ಚರಿತೆಗಳು ಉಳಿದಿವೆ. ಶರಭಚಾರಿತ್ರ, ಹರಿಹರಮಹತ್ವ ಎಂಬ ಇನ್ನೆರಡರ ಒಂದು ಓಲೆಯೂ ಇದುವರೆಗೆ ಸಿಕ್ಕಿಲ್ಲ.