ಗಾಳಿಯ ಸ್ಪ್ರಿಂಗ್ ಅಳೆದ ರಾಬರ್ಟ್ ಬಾಯ್ಲ್

ಪಿ ಇಂಟು ವಿ ಈಸ್ ಈಕ್ವಲ್ ಟು ಕಾನ್‌ಸ್ಟಂಟ್. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದು, ಸಿಇಟಿಗೆ ಓದಿದ್ದು, ಆಮೇಲೆ ಆರಾಮವಾಗಿ ಮರೆತದ್ದು. ನಮಗೆ ಬಾಯ್ಲ್ ಅಂದರೆ ಇಷ್ಟೇ ಆಗಿತ್ತು. ಆ ಮನುಷ್ಯನಿಗೂ ಒಂದು ಮನೆ, ಅಕ್ಕ, ಕಾಯಿಲೆ, ಒಡೆದುಹೋದ ಸಾಮಾನು ಎಲ್ಲ ಇತ್ತು ಅಂತ ಗೊತ್ತಾದದ್ದು ಒಂದು ಪಿಸ್ತೂಲಿನಿಂದ.

ಪುತ್ತೂರು, ಸುಳ್ಯ, ಕಡಬ ಕಡೆಯ ನಮಗೆ ಕೋವಿ ಹೊಸತಲ್ಲ. ತೋಟಕ್ಕೆ ಬರುವ ಮಂಗ, ಹಂದಿ ಓಡಿಸಲಿಕ್ಕೆ ಲೈಸೆನ್ಸ್ ಇರುವ ಕೋವಿ ಎಷ್ಟೋ ಮನೆಗಳಲ್ಲಿ ಉಂಟು. ಎಲೆಕ್ಷನ್ ಬಂತು ಅಂದರೆ ಅದನ್ನು ಸ್ಟೇಷನ್ನಿಗೆ ಕೊಂಡುಹೋಗಿ ಡೆಪಾಸಿಟ್ ಇಡುವ ತಲೆಬಿಸಿಯೂ ಉಂಟು. ಆದರೆ ಮದ್ದು ಇಲ್ಲದೆ ಬರೀ ಗಾಳಿಯಿಂದ ಕೆಲಸ ಮಾಡುವ ಟಾರ್ಗೆಟ್ ಪಿಸ್ತೂಲನ್ನು ನಾವು ಹತ್ತಿರದಿಂದ ನೋಡಿದ್ದು ಈ ಸೆಮಿಸ್ಟರಿನಲ್ಲೇ. ನಮ್ಮ ಕ್ಲಾಸಿನ ಒಬ್ಬಳು ಶನಿವಾರ ಮಂಗಳೂರಿಗೆ ಪ್ರಾಕ್ಟೀಸಿಗೆ ಹೋಗುತ್ತಾಳೆ. ಒಂದು ದಿನ ನಾವು ಮೂವರೂ ಅವಳ ಜೊತೆ ಬಸ್ ಹತ್ತಿದೆವು.

ಪಿಸ್ತೂಲಿನ ಬ್ಯಾರೆಲ್ ಕೆಳಗೆ ಸಣ್ಣ ಟಾರ್ಚಿನ ಹಾಗೆ ಒಂದು ಸಿಲಿಂಡರ್. ಅದರಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿಸುತ್ತಾರೆ. ನಮ್ಮ ಕಾರಿನ ಟಯರಿನಲ್ಲಿ ಇರುವುದು ಸುಮಾರು 2 ಬಾರ್, ಅಂದರೆ ಇದು ಅದರ ನೂರು ಪಟ್ಟು. ಟ್ರಿಗರ್ ಒತ್ತಿದಾಗ ಆ ಗಾಳಿಯ ಒಂದು ಚಿಟಿಕೆ ಹೊರಗೆ ಬಂದು 4.5 ಮಿಲಿಮೀಟರಿನ ಸೀಸದ ಪೆಲೆಟ್ಟನ್ನು 10 ಮೀಟರ್ ದೂರದ ಗುರಿಗೆ ತಳ್ಳುತ್ತದೆ. ಹತ್ತು ಅಂಕದ ವೃತ್ತ ಬರೀ 11.5 ಮಿಲಿಮೀಟರ್ ಅಗಲ.

ಅವಳು ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಗಾಳಿ ತುಂಬಿಸಿದಳು. ಗೇಜಿನಲ್ಲಿ ಸರಿಯಾಗಿ 200. ಒಂದು ಗಂಟೆ ಕಳೆದು ನೋಡಿದರೆ 190ರ ಹತ್ತಿರ. ಒಂದು ಶಾಟ್ ಕೂಡ ಹೊಡೆದಿಲ್ಲ! ಲೀಕ್ ಉಂಟು ಅಂತ ನಾವು ತೀರ್ಪು ಕೊಟ್ಟೆವು. ಅವಳು ಏನೂ ಹೇಳದೆ ಒಂದು ಸಣ್ಣ ನೋಟ್‌ಬುಕ್ ತೆಗೆದು ತಾರೀಕು, ಹೊತ್ತು, ಒತ್ತಡ ಬರೆದಳು. ಹಳೆಯ ಪುಟಗಳಲ್ಲೂ ಅದೇ ಕಥೆ, ತುಂಬಿಸಿದ ಕೂಡಲೇ 200, ತಣಿದ ಮೇಲೆ 190, ಮಾರನೇ ದಿನವೂ 190. ಲೀಕ್ ಅಲ್ಲ. ಬಾಯ್ಲನ ನಿಯಮ ಗೊತ್ತಿದ್ದ ನಮಗೆ ಅದರ ಷರತ್ತು ನೆನಪಿರಲಿಲ್ಲ, ಅಷ್ಟೇ. ನಾಚಿಕೆಯಾಗಿ ವಾಪಸ್ ಬಂದು ಬಾಯ್ಲ್ ಬಗ್ಗೆ ಓದಲು ಕೂತೆವು.

ರಾಬರ್ಟ್ ಬಾಯ್ಲ್ ಹುಟ್ಟಿದ್ದು 1627ರ ಜನವರಿ 25ರಂದು, ಐರ್ಲೆಂಡಿನ ಲಿಸ್ಮೋರ್ ಕೋಟೆಯಲ್ಲಿ. ಅಪ್ಪ ಕಾರ್ಕ್ ಊರಿನ ಅರ್ಲ್, ಆ ಕಾಲದ ಭಾರೀ ಶ್ರೀಮಂತ. ರಾಬರ್ಟ್ ಅವನ ಹದಿನಾಲ್ಕನೇ ಮಗು. ಹುಡುಗ ಹಳ್ಳಿಯ ಗಟ್ಟಿತನ ಕಲಿಯಲಿ ಅಂತ ಅವನನ್ನು ಕೂಸಾಗಿದ್ದಾಗಲೇ ಹಳ್ಳಿಯ ದಾದಿಯ ಮನೆಗೆ ಕಳಿಸಿದರು. ಅವನು ಇನ್ನೂ ಸಣ್ಣವನಿದ್ದಾಗಲೇ ಅಮ್ಮ ತೀರಿಹೋದಳು. ಅವನಿಗೆ ಮಾತಿನಲ್ಲಿ ತೊದಲು ಇತ್ತು, ಅದು ಕೊನೆಯವರೆಗೂ ಪೂರ್ತಿ ಹೋಗಲಿಲ್ಲ. ವೈವಾ ಅಂದರೆ ನಡುಗುವ ನಮ್ಮಂಥವರಿಗೆ ಇದು ಸ್ವಲ್ಪ ಸಮಾಧಾನದ ವಿಷಯ.

ಎಂಟನೇ ವಯಸ್ಸಿಗೆ ಈಟನ್ ಶಾಲೆ. 1639ರಲ್ಲಿ ಅಣ್ಣನ ಜೊತೆ, ಒಬ್ಬ ಮೇಷ್ಟ್ರ ಕಾವಲಿನಲ್ಲಿ ಯುರೋಪ್ ಪ್ರವಾಸ. ಜಿನೀವಾದಲ್ಲಿ ಒಂದು ರಾತ್ರಿ ಸಿಡಿಲು ಗುಡುಗಿನ ಅಬ್ಬರಕ್ಕೆ ಹೆದರಿ ಇನ್ನು ದೇವರಿಗೆ ನಿಷ್ಠೆಯಿಂದ ಬದುಕುತ್ತೇನೆ ಅಂತ ಮನಸ್ಸಿನಲ್ಲೇ ಹೇಳಿಕೊಂಡನಂತೆ. ಆ ಮಾತನ್ನು ಅವನು ಕಡೆವರೆಗೂ ಬಿಡಲಿಲ್ಲ. 1642ರ ಜನವರಿಯಲ್ಲಿ ಫ್ಲಾರೆನ್ಸ್ ಹತ್ತಿರ ಗೆಲಿಲಿಯೋ ತೀರಿಕೊಂಡಾಗ ಈ ಹುಡುಗ ಅದೇ ಊರಿನಲ್ಲಿದ್ದ, ಗೆಲಿಲಿಯೋ ಬರೆದದ್ದನ್ನು ಓದುತ್ತಿದ್ದ.

ಅಷ್ಟರಲ್ಲಿ ಐರ್ಲೆಂಡಿನಲ್ಲಿ ದಂಗೆ ಎದ್ದು ಮನೆಯಿಂದ ದುಡ್ಡು ಬರುವುದು ನಿಂತಿತು. ಅಪ್ಪ 1643ರಲ್ಲಿ ಸತ್ತ. ಮರುವರ್ಷ ಬಾಯ್ಲ್ ಹೇಗೋ ಇಂಗ್ಲೆಂಡ್ ತಲುಪಿ ಲಂಡನ್ನಿನಲ್ಲಿ ಅಕ್ಕ ಕ್ಯಾಥರೀನ್ ಮನೆ ಸೇರಿದ. ಅಕ್ಕ ತುಂಬ ಓದಿಕೊಂಡವಳು, ಆ ಕಾಲದ ವಿದ್ವಾಂಸರು ಅವಳ ಮನೆಗೆ ಬಂದುಹೋಗುತ್ತಿದ್ದರು. ಆಮೇಲೆ ಅಪ್ಪ ಬಿಟ್ಟುಹೋದ ಸ್ಟಾಲ್‌ಬ್ರಿಜ್ ಎಂಬ ಊರಿನ ಮನೆಯಲ್ಲಿ ಲ್ಯಾಬ್ ಮಾಡಲು ಹೊರಟ. ದೂರದಿಂದ ತರಿಸಿದ ಮಣ್ಣಿನ ಕುಲುಮೆ ದಾರಿಯಲ್ಲೇ ಪುಡಿಪುಡಿಯಾಗಿ ಬಂತು. ನಮ್ಮ ಮಿನಿ ಪ್ರಾಜೆಕ್ಟಿನ ಆನ್‌ಲೈನ್ ಪಾರ್ಸೆಲ್ ನೆನಪಾಗಲಿಲ್ಲ ಅಂದರೆ ಸುಳ್ಳಾಗುತ್ತದೆ.

1650ರ ದಶಕದ ನಡುವೆ ಅವನು ಆಕ್ಸ್‌ಫರ್ಡಿಗೆ ಹೋದ. ಯಾವ ಯೂನಿವರ್ಸಿಟಿಯ ಡಿಗ್ರಿಗೂ ಓದಿದವನಲ್ಲ, ಅಲ್ಲಿ ರೂಮ್ ಮಾಡಿಕೊಂಡು ಪ್ರಯೋಗ ಮಾಡುತ್ತಿದ್ದ. ಜರ್ಮನಿಯ ಓಟೋ ಫಾನ್ ಗೆರಿಕೆ ಪಾತ್ರೆಯೊಳಗಿನ ಗಾಳಿ ತೆಗೆಯುವ ಪಂಪ್ ಮಾಡಿದ್ದಾನೆ ಅಂತ ಸುದ್ದಿ ತಿಳಿಯಿತು. ತನಗೂ ಅಂಥದ್ದು ಬೇಕು. ಆದರೆ ಬಾಯ್ಲನ ಕಣ್ಣು ವೀಕ್, ಮೈಯಲ್ಲಿ ತ್ರಾಣ ಕಡಿಮೆ. ಕೆಲಸಕ್ಕೆ ಸಿಕ್ಕಿದವನು ರಾಬರ್ಟ್ ಹುಕ್, ಇನ್ನೂ ಇಪ್ಪತ್ತಮೂರು ನಾಲ್ಕರ ಹುಡುಗ. 1659ರಲ್ಲಿ ಹುಕ್ ಮಾಡಿಕೊಟ್ಟ ಪಂಪಿನ ಮೇಲೆ ದೊಡ್ಡ ಗಾಜಿನ ಬುರುಡೆ ಇತ್ತು. ಗಾಳಿ ತೆಗೆದಾಗ ಅದರೊಳಗೆ ದೀಪ ಆರಿತು, ಗಡಿಯಾರದ ಸದ್ದು ಕಡಿಮೆಯಾಯಿತು, ಪಾಪ, ಹಕ್ಕಿಗಳೂ ಇಲಿಗಳೂ ಸತ್ತವು. 1660ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಪ್ರಿಂಟ್ ಮಾಡಿಸಿದ. ಪಂಪ್ ಎಲ್ಲೆಲ್ಲಿ ಲೀಕ್ ಆಗುತ್ತಿತ್ತು, ಯಾವ ಪ್ರಯೋಗ ಕೆಟ್ಟುಹೋಯಿತು ಎಂಬುದನ್ನೂ ಬಿಡದೆ ಬರೆದ. ಹುಕ್ ಹೆಸರನ್ನೂ ಬರೆದ. ರೆಕಾರ್ಡ್ ಬುಕ್ಕಿನಲ್ಲಿ ರಿಸಲ್ಟ್ ಮೊದಲು ಬರೆದು ರೀಡಿಂಗ್ ಆಮೇಲೆ ತುಂಬಿಸುವ ನಮಗೆ ಇದು ಸ್ವಲ್ಪ ಚುಚ್ಚುತ್ತದೆ ಮಾರಾಯ್ರೆ.

ಗಾಳಿ ಅಂದರೆ ಸ್ಪ್ರಿಂಗ್ ಇದ್ದ ಹಾಗೆ, ಒತ್ತಿದರೆ ತಿರುಗಿ ಒತ್ತುತ್ತದೆ ಎಂಬುದು ಬಾಯ್ಲನ ವಾದ. ಫ್ರಾನ್ಸಿಸ್ ಲೈನ್ ಎಂಬ ಪಾದ್ರಿ ಇದನ್ನು ಒಪ್ಪಲಿಲ್ಲ. ಪಾದರಸವನ್ನು ಕೊಳವೆಯಲ್ಲಿ ಎತ್ತಿ ಹಿಡಿಯುವುದು ಗಾಳಿಯ ಒತ್ತಡ ಅಲ್ಲ, ಕಣ್ಣಿಗೆ ಕಾಣದ ಒಂದು ದಾರ ಅಂತ ಅವನ ಲೆಕ್ಕ. ಬಾಯ್ಲ್ ಜಗಳ ಮಾಡುವ ಬದಲು ಅಳತೆಗೆ ಇಳಿದ. ಇಂಗ್ಲಿಷಿನ ಜೆ ಅಕ್ಷರದ ಹಾಗೆ ಬಗ್ಗಿಸಿದ ಗಾಜಿನ ಕೊಳವೆ, ಗಿಡ್ಡ ತುದಿ ಮುಚ್ಚಿದ್ದು, ಉದ್ದದ ತುದಿ ತೆರೆದದ್ದು. ಮೇಲಿನಿಂದ ಪಾದರಸ ಸುರಿದರೆ ಮುಚ್ಚಿದ ಕಡೆಯ ಗಾಳಿ ಕುಗ್ಗುತ್ತದೆ. ಮೊದಲನೇ ಕೊಳವೆ ಒಡೆದೇ ಹೋಯಿತು. ಎರಡನೆಯದು ಎಷ್ಟು ಉದ್ದ ಅಂದರೆ ಕೋಣೆಯಲ್ಲಿ ಹಿಡಿಯದೆ ಮೆಟ್ಟಿಲಿನ ಹತ್ತಿರ ನಿಲ್ಲಿಸಬೇಕಾಯಿತು. ಪಾದರಸ ಚೆಲ್ಲಿದರೆ ಸಿಗಲಿ ಅಂತ ಕೆಳಗೆ ಮರದ ಪೆಟ್ಟಿಗೆ.

ರೀಡಿಂಗ್ ನೋಡಿ. ಗಾಳಿ 48 ಭಾಗ ಜಾಗ ತುಂಬಿದ್ದಾಗ ಒತ್ತಡ 29 ಇಂಚು ಎರಡು ಹದಿನಾರನೇ ಭಾಗ ಪಾದರಸ. ಅದೇ ಗಾಳಿ 12 ಭಾಗಕ್ಕೆ, ಅಂದರೆ ಕಾಲು ಪಾಲಿಗೆ ಕುಗ್ಗಿದಾಗ 117 ಇಂಚು ಒಂಬತ್ತು ಹದಿನಾರನೇ ಭಾಗ. ಲೆಕ್ಕದ ಪ್ರಕಾರ ಬರಬೇಕಾದದ್ದು ಹೆಚ್ಚುಕಡಿಮೆ 116 ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ, ಸರಿಯಾಗಿ ಹೇಳಿದರೆ 116 ಇಂಚೂವರೆ. ವ್ಯತ್ಯಾಸ ಒಂದು ಪರ್ಸೆಂಟಿಗಿಂತ ಕಡಿಮೆ. ಎರಡು ಅಂಕಿಗಳನ್ನೂ ಅಕ್ಕಪಕ್ಕ ಟೇಬಲ್ಲಿನಲ್ಲಿ ಹಾಕಿದ, ಒಂದನ್ನು ಇನ್ನೊಂದಕ್ಕೆ ಹೊಂದಿಸಲಿಲ್ಲ. ಇದು 1662ರಲ್ಲಿ ಅವನ ಪುಸ್ತಕದ ಎರಡನೇ ಮುದ್ರಣದಲ್ಲಿ ಬಂತು. ಈ ಸಂಬಂಧವನ್ನು ಊಹಿಸಿದವನು ರಿಚರ್ಡ್ ಟೌನ್ಲೀ ಅಂತಲೂ ಅಲ್ಲೇ ಹೇಳಿದ. ಆದರೂ ನಿಯಮಕ್ಕೆ ಹೆಸರು ಬಂದದ್ದು ಬಾಯ್ಲನದ್ದೇ.

ಇನ್ನು ನಮ್ಮ 190ರ ವಿಷಯ. ಬಾಯ್ಲನ ನಿಯಮ ಸರಿಯಾಗುವುದು ತಾಪಮಾನ ಬದಲಾಗದಿದ್ದರೆ ಮಾತ್ರ. ಅವನ ಕಾಲಕ್ಕೆ ಫ್ಯಾರನ್‌ಹೀಟ್, ಸೆಲ್ಸಿಯಸ್ ಸ್ಕೇಲುಗಳು ಹುಟ್ಟಿರಲೇ ಇಲ್ಲ, ಅವು ಬಂದದ್ದು ಹದಿನೆಂಟನೇ ಶತಮಾನದಲ್ಲಿ. ಗಾಳಿಯನ್ನು ವೇಗವಾಗಿ ತುಂಬಿಸಿದರೆ ಸಿಲಿಂಡರ್ ಬಿಸಿಯಾಗುತ್ತದೆ. ಒಳಗಿನ ಗಾಳಿ 45 ಡಿಗ್ರಿಗೆ ಏರಿತು ಅಂತ ಇಟ್ಟುಕೊಳ್ಳಿ, ಅಂದರೆ 318 ಕೆಲ್ವಿನ್. ತಣಿದು 27 ಡಿಗ್ರಿಗೆ, ಅಂದರೆ 300 ಕೆಲ್ವಿನ್‌ಗೆ ಬಂದಾಗ 200 ಬಾರ್ ಇದ್ದದ್ದು ಸುಮಾರು 189 ಆಗುತ್ತದೆ. ಲೀಕ್ ಇಲ್ಲ, ಭೂತವೂ ಇಲ್ಲ. ಹಾಗಾಗಿಯೇ ವಾಲ್ವ್ ನಿಧಾನಕ್ಕೆ ತೆರೆಯಬೇಕು. ತಿರುಗಿಸಿ ನೋಡಿದರೆ ಭಯ ಆಗುತ್ತದೆ: ತಣ್ಣಗಿರುವಾಗ 200 ತುಂಬಿಸಿದ ಸಿಲಿಂಡರನ್ನು ಏಪ್ರಿಲಿನ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಒತ್ತಡ ಮಿತಿ ದಾಟುತ್ತದೆ.

ಬಾಯ್ಲನ ಕಥೆಯಲ್ಲಿ ನಮ್ಮ ಊರಿಗೆ ತಾಗುವ ಒಂದು ಕಹಿ ತುಂಡೂ ಉಂಟು. ಅವನು ಈಸ್ಟ್ ಇಂಡಿಯಾ ಕಂಪನಿಯ ಡೈರೆಕ್ಟರುಗಳಲ್ಲಿ ಒಬ್ಬನಾಗಿದ್ದ. ಬೈಬಲಿನ ಭಾಗಗಳನ್ನು ಮಲಯ ಭಾಷೆಯಲ್ಲಿ ಪ್ರಿಂಟ್ ಮಾಡಿಸಲು ದುಡ್ಡು ಕೊಟ್ಟ, ಅದು 1677ರಲ್ಲಿ ಬಂತು. ಅದೇ ಕಂಪನಿಯ ಆಡಳಿತದ ವಿರುದ್ಧ 1837ರಲ್ಲಿ ಸುಳ್ಯದಿಂದ ಹೊರಟವರು ಬೆಳ್ಳಾರೆಯ ಖಜಾನೆ ವಶಪಡಿಸಿಕೊಂಡು, ಪುತ್ತೂರು ದಾಟಿ ಮಂಗಳೂರಿನ ಬಾವುಟಗುಡ್ಡೆಯವರೆಗೆ ಹೋದರು. ಅಷ್ಟು ಹೊತ್ತಿಗೆ ಬಾಯ್ಲ್ ಸತ್ತು ಒಂದೂವರೆ ಶತಮಾನ ಆಗಿತ್ತು. ಆದರೂ ಅವನನ್ನು ಬರೀ ಲ್ಯಾಬಿನ ಸಾಧು ಅಂತ ಬರೆದರೆ ಅರ್ಧ ಸತ್ಯ ಆಗುತ್ತದೆ.

1668ರಲ್ಲಿ ಅವನು ಲಂಡನ್ನಿಗೆ, ಪುನಃ ಅಕ್ಕನ ಮನೆಗೇ ಬಂದ. 1670ರಲ್ಲಿ ಪಾರ್ಶ್ವವಾಯು ಹೊಡೆಯಿತು, ನಿಧಾನಕ್ಕೆ ಚೇತರಿಸಿಕೊಂಡ. ಕಣ್ಣು ಕಾಣದ್ದರಿಂದ ತಾನು ಹೇಳಿ ಬೇರೆಯವರಿಂದ ಬರೆಸುತ್ತಿದ್ದ. ಅವನ ಜೊತೆ ಕೆಲಸ ಮಾಡಿದ ಇನ್ನೊಬ್ಬ ಡೆನಿಸ್ ಪಾಪಾನ್. ಮುಚ್ಚಿದ ಪಾತ್ರೆಯಲ್ಲಿ ಹಬೆಯ ಒತ್ತಡದಿಂದ ಮೂಳೆ ಮೆತ್ತಗೆ ಮಾಡುವ ಯಂತ್ರ ಮಾಡಿದವನು, ಪಾತ್ರೆ ಸಿಡಿಯದ ಹಾಗೆ ಅದಕ್ಕೆ ಸೇಫ್ಟಿ ವಾಲ್ವ್ ಇಟ್ಟವನು. ನಮ್ಮ ಅಡುಗೆಮನೆಯ ಕುಕ್ಕರಿನ ಅಜ್ಜ ಅದು. ಒತ್ತಡವನ್ನು ಕೂಡಿಡುವುದು ಕಲಿತ ಕೂಡಲೇ ಅದನ್ನು ಬಿಡುವ ದಾರಿಯನ್ನೂ ಆ ಜನ ಯೋಚಿಸಿದ್ದರು.

ರಾಯಲ್ ಸೊಸೈಟಿ ಶುರು ಮಾಡಿದವರಲ್ಲಿ ಬಾಯ್ಲ್ ಕೂಡ ಒಬ್ಬ. ಆದರೆ 1680ರಲ್ಲಿ ಅಧ್ಯಕ್ಷನಾಗಿ ಆರಿಸಿದಾಗ ಬೇಡ ಅಂದ, ಪ್ರಮಾಣವಚನ ಮಾಡಲು ಅವನ ಮನಸ್ಸು ಒಪ್ಪಲಿಲ್ಲ. ಮದುವೆ ಆಗಲಿಲ್ಲ. ಕೊನೆಗೆ ನೋಡಲು ಬರುವವರು ಎಷ್ಟಾದರು ಅಂದರೆ, ಭೇಟಿಯ ಹೊತ್ತು ತಿಳಿಸುವ ಬೋರ್ಡನ್ನು ಬಾಗಿಲಿಗೆ ಹಾಕಬೇಕಾಯಿತು. 1691ರ ಡಿಸೆಂಬರ್ 23ಕ್ಕೆ ಕ್ಯಾಥರೀನ್ ತೀರಿಕೊಂಡಳು. ಒಂದು ವಾರ ಕಳೆದು, ವರ್ಷದ ಕೊನೆಯ ದಿನ, ತಮ್ಮನೂ ಹೋದ. ಇಬ್ಬರನ್ನೂ ಮಣ್ಣು ಮಾಡಿದ ಚರ್ಚನ್ನು ಮುಂದೆ ಕೆಡವಿ ಹೊಸತು ಕಟ್ಟಿದರು. ಬಾಯ್ಲನ ಸಮಾಧಿ ಎಲ್ಲಿ ಅಂತ ಈಗ ಗುರುತಿಲ್ಲ.

ಇಷ್ಟು ಓದಿದ ಮೇಲೆ ಗೆಳತಿಯ ನೋಟ್‌ಬುಕ್ ನಮಗೆ ಬೇರೆಯೇ ಕಂಡಿತು. ಅವಳ ನಿಯಮಗಳನ್ನು ಕೇಳಿ ಬರೆದುಕೊಂಡೆವು. ತುಂಬಿಸುವುದು ಒಣಗಿದ, ಶುದ್ಧ ಗಾಳಿ ಮಾತ್ರ, ಆಕ್ಸಿಜನ್ ಯಾವತ್ತೂ ಅಲ್ಲ. ತುಂಬಿಸುವ ಜಾಯಿಂಟಿಗೆ ಎಣ್ಣೆ, ಗ್ರೀಸ್ ಹಚ್ಚಬಾರದು, ಒತ್ತಡದ ಗಾಳಿಯಲ್ಲಿ ಎಣ್ಣೆಗೆ ಬೆಂಕಿ ಹಿಡಿಯಬಹುದು, ಡೀಸೆಲ್ ಇಂಜಿನ್ ಹಾಗೆ. ಬಿಚ್ಚುವ ಮೊದಲು ಜಾಯಿಂಟಿನಲ್ಲಿ ಉಳಿದ ಗಾಳಿಯನ್ನು ಸ್ಕ್ರೂ ಸಡಿಲಿಸಿ ಬಿಡಬೇಕು. ಸಿಲಿಂಡರನ್ನು ಪೂರ್ತಿ ಖಾಲಿ ಇಡಬಾರದು, ಸ್ವಲ್ಪ ಒತ್ತಡ ಇದ್ದರೆ ಹೊರಗಿನ ತೇವ ಒಳಗೆ ಹೋಗುವುದಿಲ್ಲ. ಆಟಿಯ ಮಳೆಯಲ್ಲಿ ಬಟ್ಟೆ ಒಣಗದ, ಬೆಲ್ಟಿಗೆ ಬೂಸ್ಟು ಬರುವ ನಮ್ಮ ಊರಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಕೊನೆಯದು, ಸಿಲಿಂಡರಿನ ಮೇಲೆ ಕೊಟ್ಟ ತಾರೀಕು. ಸಾಮಾನ್ಯವಾಗಿ ಹತ್ತು ವರ್ಷ ಆದ ಮೇಲೆ, ನೋಡಲು ಎಷ್ಟು ಹೊಸತಾಗಿದ್ದರೂ, ಬಳಸುವ ಹಾಗಿಲ್ಲ.

ಇದು ಬರೀ ಶಿಸ್ತಿನ ಮಾತಲ್ಲ. 2024ರ ಕೊನೆಗೆ ದೆಹಲಿಯ ಕರ್ಣಿ ಸಿಂಗ್ ರೇಂಜಿನಲ್ಲಿ ಗಾಳಿ ತುಂಬಿಸುವಾಗ ಸಿಲಿಂಡರ್ ಸಿಡಿದು ಒಬ್ಬ ಯುವ ಪಿಸ್ತೂಲ್ ಶೂಟರಿನ ಎಡಗೈ ಹೆಬ್ಬೆರಳಿಗೆ ದೊಡ್ಡ ಪೆಟ್ಟಾಯಿತು. ನಮ್ಮದೇ ವಯಸ್ಸಿನ ಆಸುಪಾಸಿನವನು. 200 ಬಾರಿನ ಗಾಳಿ ಕಣ್ಣಿಗೆ ಕಾಣುವುದಿಲ್ಲ, ವಾಸನೆ ಇಲ್ಲ, ಗೇಜಿನ ಮುಳ್ಳು ಮತ್ತು ಬರೆದಿಟ್ಟ ಅಂಕಿ ಬಿಟ್ಟರೆ ಅದರ ಸುದ್ದಿ ಹೇಳುವವರು ಯಾರೂ ಇಲ್ಲ.

ಸೋಮವಾರ ನಾವು ವರ್ಕ್‌ಶಾಪಿನ ಕಂಪ್ರೆಸರ್ ಹತ್ತಿರ ಹೋಗಿ ಅದರ ಟ್ಯಾಂಕಿನ ಪ್ಲೇಟ್ ಓದಿದೆವು. ಮೂರು ಸೆಮಿಸ್ಟರ್ ಅದರ ಪಕ್ಕದಲ್ಲೇ ಓಡಾಡಿದ್ದೆವು, ಒಮ್ಮೆಯೂ ಓದಿರಲಿಲ್ಲ. ಸರ್ ಹತ್ತಿರ ಕೇಳಿ ಗೋಡೆಗೆ ಒಂದು ಶೀಟ್ ಅಂಟಿಸಿದ್ದೇವೆ: ತಾರೀಕು, ಹೊತ್ತು, ಒತ್ತಡ, ತಾಪಮಾನ, ನೀರು ಬಿಟ್ಟದ್ದು ಯಾವಾಗ, ಯಾರು ನೋಡಿದ್ದು. ಮೊದಲ ಸಾಲು ನಾವು ಬರೆದಿದ್ದೇವೆ. ಆ ಕಡೆ ಹೋದಾಗ ಎರಡನೇ ಸಾಲು ನೀವು ಬರೆಯಿರಿ, ಕಂಡದ್ದನ್ನೇ ಬರೆಯಿರಿ.