ಕುಡಿ, ಬೇರು ಮತ್ತು ಡಾರ್ವಿನ್

ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ಹಲವು ರೈತರು ತೊಗರಿ ಬಿತ್ತಿದ ಸುಮಾರು 50 ದಿನಗಳಿಗೆ ಅದರ ಕುಡಿ ಚಿವುಟುತ್ತಾರೆ. ಪಕ್ಕದ ರೆಂಬೆಗಳು ಒಡೆದು ಕಾಯಿ ಹೆಚ್ಚುತ್ತದೆ. ಒಂದು ಎಳೆಯ ಕುಡಿಗೆ ಇಡೀ ಗಿಡವನ್ನು ಆಳುವ ಅಧಿಕಾರ ಎಲ್ಲಿಂದ ಬಂತು? ಈ ಪ್ರಶ್ನೆಯ ಬೆನ್ನು ಹತ್ತಿದ ಮೊದಲಿಗರಲ್ಲಿ ಚಾರ್ಲ್ಸ್ ಡಾರ್ವಿನ್ ಒಬ್ಬರು.

1809ರಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಜನಿಸಿದ ಡಾರ್ವಿನ್, ವೈದ್ಯಶಿಕ್ಷಣವನ್ನು ಅರ್ಧಕ್ಕೇ ಬಿಟ್ಟರು. 1831ರಿಂದ ಐದು ವರ್ಷ ಬೀಗಲ್ ನೌಕೆಯಲ್ಲಿ ಜಗತ್ತು ಸುತ್ತಿದರು. 1842ರಲ್ಲಿ ಡೌನ್ ಎಂಬ ಹಳ್ಳಿಯಲ್ಲಿ ನೆಲೆಸಿದರು. 1859ರಲ್ಲಿ ಪ್ರಕಟವಾದ, ಜೀವಜಾತಿಗಳ ಉಗಮ ಕುರಿತ ಗ್ರಂಥ ಅವರನ್ನು ವಿಶ್ವವಿಖ್ಯಾತರನ್ನಾಗಿಸಿತು. ಅವರಿಗೆ ವಿಶ್ವವಿದ್ಯಾಲಯದ ಹುದ್ದೆಯಿರಲಿಲ್ಲ, ಆರೋಗ್ಯವೂ ಕೈಕೊಟ್ಟಿತ್ತು. ಆದರೂ ಎಪ್ಪತ್ತರ ಹೊಸ್ತಿಲಲ್ಲಿ ಅವರು ಮಗ ಫ್ರಾನ್ಸಿಸ್‌ನೊಡನೆ ಮೊಳಕೆಗಳ ಮುಂದೆ ಕುಳಿತರು.

ಹುಲ್ಲಿನ ಮೊಳಕೆ ಬೆಳಕಿನತ್ತ ಬಾಗುವುದು ಎಲ್ಲರಿಗೂ ಗೊತ್ತಿತ್ತು. ತಂದೆ, ಮಗ ಮೊಳಕೆಯ ತುದಿಗೆ ಬೆಳಕು ತೂರದ ಪುಟ್ಟ ಟೋಪಿ ತೊಡಿಸಿದರು, ಮೊಳಕೆ ಬಾಗಲಿಲ್ಲ. ಬೆಳಕನ್ನು ಅರಿಯುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ. ಅಂದರೆ ತುದಿಯಿಂದ ಕೆಳಕ್ಕೆ ಏನೋ ಒಂದು ಪ್ರಭಾವ ಹರಿಯುತ್ತಿರಬೇಕು. ಬೇರಿನ ತುದಿಯನ್ನು ಕತ್ತರಿಸಿದಾಗಲೂ ಹಾಗೆಯೇ: ಅಡ್ಡ ಮಲಗಿಸಿದ ಬೇರು ಭೂಮಿಯತ್ತ ತಿರುಗುವುದನ್ನೇ ಮರೆಯಿತು. 1880ರಲ್ಲಿ ಈ ಪ್ರಯೋಗಗಳು ಗ್ರಂಥರೂಪದಲ್ಲಿ ಹೊರಬಂದವು. ಆಗಿನ ಸಸ್ಯಶಾಸ್ತ್ರದ ದಿಗ್ಗಜ, ಜರ್ಮನಿಯ ಯೂಲಿಯಸ್ ಸಾಕ್ಸ್, ಇದೆಲ್ಲ ಹವ್ಯಾಸಿಯ ಕೆಲಸವೆಂದು ತಳ್ಳಿಹಾಕಿದರು. 1882ರಲ್ಲಿ ಡಾರ್ವಿನ್ ತೀರಿಕೊಂಡರು.

ಕಾಲ ಅವರ ಪರವಾಗಿ ತೀರ್ಪಿತ್ತಿತು. 1926ರಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ಆ ಪ್ರಭಾವವನ್ನು ಮೊಳಕೆಯ ತುದಿಯಿಂದ ಅಗರ್ ತುಣುಕಿಗೆ ಇಳಿಸಿ ತೋರಿಸಿದರು. ಅದೇ ಇಂದಿನ ಆಕ್ಸಿನ್. ಕುಡಿ ಮತ್ತು ಎಳೆಯೆಲೆಗಳಲ್ಲಿ ಹುಟ್ಟುವ ಈ ಹಾರ್ಮೋನು ಕಾಂಡದ ಮೂಲಕ ಕೋಶದಿಂದ ಕೋಶಕ್ಕೆ ಸಾಗಿ ಬೇರನ್ನು ಸೇರುತ್ತದೆ. ಕವಲುಬೇರುಗಳು ಮೂಡಲು ಇದು ಬೇಕೇ ಬೇಕು. ಅತಿಯಾದರೆ ಬೇರಿನ ನೀಳ ಬೆಳವಣಿಗೆ ಕುಂಠಿತಗೊಳ್ಳುತ್ತದೆ. ಕುಡಿ ಚಿವುಟಿದಾಗ ಪಕ್ಕದ ಮೊಗ್ಗುಗಳು ಎಚ್ಚರಗೊಳ್ಳುವುದೂ ಈ ಹರಿವಿನ ಏರುಪೇರಿನಿಂದಲೇ.

ಮಳೆ ನಿಂತ ಮೇಲೆ ನಮ್ಮ ಕಪ್ಪುಮಣ್ಣಿನ ತೊಗರಿ ಬದುಕುವುದು ಆಳಕ್ಕಿಳಿದ ಬೇರು ಹೀರುವ ತೇವದಿಂದ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಾಗ ಹೊಗಳಿಕೆಯೆಲ್ಲ ಕಾಳಿಗೆ ಸಂದಿತು. ಬೇರನ್ನು ಯಾರೂ ನೆನೆಯಲಿಲ್ಲ. ಶಹಾಬಾದಿನ ಹಾಸುಗಲ್ಲಿಗೂ ವಾಡಿಯ ಸಿಮೆಂಟಿಗೂ ನೆಲದಿಂದ ಅಗೆದದ್ದಕ್ಕೆ ಟನ್ನುಗಳ ಲೆಕ್ಕವಿದೆ. ಸಂಶೋಧನೆಗೆ ಅಂಥ ಲೆಕ್ಕವಿಲ್ಲ. ಡಾರ್ವಿನ್ನರ ಮೊಳಕೆಗಳು ಉತ್ತರ ಕೊಡಲು ಅರ್ಧ ಶತಮಾನವೇ ಹಿಡಿಯಿತು. ಅರ್ಥಶಾಸ್ತ್ರ ಓದಿ, ಸರ್ಕಾರಿ ಕಡತಗಳಲ್ಲಿ ವರ್ಷದೊಳಗಿನ ಫಲವನ್ನೇ ಹುಡುಕುತ್ತ ಬಂದ ನನ್ನಂಥವರಿಗೆ ಇದು ತಡವಾಗಿ ಕಲಿತ ಪಾಠ. ಕೃಷಿ ಸಂಶೋಧನೆಯ ಅನುದಾನಕ್ಕೆ ಕತ್ತರಿ ಹಾಕುವ ಮುನ್ನ ಈಗ ಅಧಿಕಾರದಲ್ಲಿರುವವರಾದರೂ ಇದನ್ನು ನೆನೆಯಲಿ.