ಮೇಷ್ಟ್ರಿಗೂ ಜೊತೆಗಾರರು ಬೇಕು

ಡಾ. ರಾಧಾಕೃಷ್ಣನ್ ಅಂದಕೂಡಲೇ ನಮ್ಮ ಕಣ್ಣಮುಂದೆ ಬರುವುದು ಬಿಳಿಯ ಪೇಟ, ಕನ್ನಡಕ ಮತ್ತು ಶಿಕ್ಷಕರ ದಿನದ ಭಾಷಣ. ಹೈಸ್ಕೂಲಿನಲ್ಲಿ ನಾನೂ ಅಂಥ ಭಾಷಣಕ್ಕೆ ಚಪ್ಪಾಳೆ ತಟ್ಟಿದವನೇ. ಆದರೆ ಅದೇ ಶಾಲೆಯಲ್ಲಿ ನಮ್ಮ ಕನ್ನಡ ಮೇಷ್ಟ್ರು ಮಧ್ಯಾಹ್ನದ ಬುತ್ತಿಯನ್ನು ಹುಣಸೆಮರದ ಕೆಳಗೆ ಒಬ್ಬರೇ ಕೂತು ಉಣ್ಣುತ್ತಿದ್ದರು. ಉಳಿದ ಮೇಷ್ಟ್ರುಗಳಿಗೂ ಅವರಿಗೂ ಮಾತಿರಲಿಲ್ಲ. ಬರಬರುತ್ತಾ ಅವರ ಪಾಠದ ಹುರುಪೂ ಇಳಿದುಹೋಯಿತು. ಕೊನೆಗೆ ವರ್ಗ ಮಾಡಿಸಿಕೊಂಡು ಹೊರಟೇಬಿಟ್ಟರು. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ರಾಧಾಕೃಷ್ಣನ್ನರ ಬಾಳನ್ನು ಓದಿದ್ದು.

1888ರಲ್ಲಿ ತಿರುತ್ತಣಿಯಲ್ಲಿ ಹುಟ್ಟಿದ ಅವರು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದರು. ಕಾಲೇಜು ಆಗಿನ್ನೂ ತಾಂಬರಕ್ಕೆ ಹೋಗಿರಲಿಲ್ಲ, ಜಾರ್ಜ್ ಟೌನಿನಲ್ಲಿತ್ತು. ಹಿಂದೂ ಧರ್ಮದ ಮೇಲೆ ಮಿಷನರಿಗಳು ಮಾಡುತ್ತಿದ್ದ ಟೀಕೆ ಈ ಹುಡುಗನನ್ನು ಚುಚ್ಚಿತು. ಅದಕ್ಕೆ ಉತ್ತರವೆಂಬಂತೆ ವೇದಾಂತದ ನೀತಿಯ ಮೇಲೆ ಎಂ.ಎ. ಪ್ರಬಂಧ ಬರೆದರು. ಪ್ರೊಫೆಸರ್ ಹಾಗ್ ಸ್ವತಃ ಮಿಷನರಿ. ಆದರೂ ಮುನಿಯಲಿಲ್ಲ, ಮನಸಾರೆ ಮೆಚ್ಚಿದರು.

1909ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ಕೆಲಸ ಸಿಕ್ಕಿತು. ಮರುವರ್ಷ ತರಬೇತಿಗೆಂದು ಸೈದಾಪೇಟೆಯ ಟೀಚರ್ಸ್ ಕಾಲೇಜಿಗೆ ಹೋದರು. ಅಲ್ಲಿನ ಪ್ರೊಫೆಸರು ಇವರಿಗೆ ತತ್ವಶಾಸ್ತ್ರದ ತರಗತಿಯಿಂದ ರಿಯಾಯಿತಿ ಕೊಟ್ಟರು. ಜೊತೆಯ ಮೇಷ್ಟ್ರುಗಳು ಹೊಟ್ಟೆಕಿಚ್ಚು ಪಡಬಹುದಿತ್ತು, ಅಲ್ಲವೇ? ಪಡಲಿಲ್ಲ; ನಮಗೂ ಪಾಠ ಹೇಳಿ ಅಂತ ಇವರನ್ನೇ ಕೇಳಿಕೊಂಡರು. ಹಾಗೆ ಹೇಳಿದ ಪಾಠಗಳೇ 1912ರಲ್ಲಿ ಮನಶ್ಶಾಸ್ತ್ರದ ಒಂದು ಪುಟ್ಟ ಪುಸ್ತಕವಾದವು.

1918ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿಗೆ ಪ್ರೊಫೆಸರಾಗಿ ಬಂದಾಗ ಅವರಿಗೆ ಮೂವತ್ತು ವರ್ಷ. ಅಲ್ಲಿ ಸಂಸ್ಕೃತ ಕಲಿಸುತ್ತಿದ್ದ ಎಂ. ಹಿರಿಯಣ್ಣನವರು ಅವರಿಗಿಂತ ಹದಿನೇಳು ವರ್ಷ ದೊಡ್ಡವರು, ಮಿತಭಾಷಿ. ಒಬ್ಬರು ಮಾತಿನ ಮಲ್ಲ, ಇನ್ನೊಬ್ಬರು ಮೌನಿ. ಆದರೂ ಸ್ನೇಹ ಬೆಳೆಯಿತು. 1921ರಲ್ಲಿ ರಾಧಾಕೃಷ್ಣನ್ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಗಾಡಿಗೆ ಕುದುರೆ ಕಟ್ಟಗೊಡದೆ ರೈಲ್ವೆ ಸ್ಟೇಷನ್ನಿನವರೆಗೆ ತಾವೇ ಎಳೆದರು. ಈ ಕಥೆ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲಿನ ಸಂಗತಿ. ಊರು ಬಿಟ್ಟು ಹನ್ನೊಂದು ವರ್ಷವಾದರೂ ಸ್ನೇಹ ಸವೆಯಲಿಲ್ಲ. 1932ರಲ್ಲಿ ಭಾರತೀಯ ತತ್ವಶಾಸ್ತ್ರವನ್ನು ಕುರಿತ ಹಿರಿಯಣ್ಣನವರ ಹೆಸರಾಂತ ಇಂಗ್ಲಿಷ್ ಗ್ರಂಥ ಲಂಡನ್ನಿನಲ್ಲಿ ಅಚ್ಚಾದಾಗ, ಅದರ ಮುನ್ನುಡಿಯಲ್ಲಿ ಅವರು ರಾಧಾಕೃಷ್ಣನ್ನರ ಉಪಕಾರವನ್ನು ನೆನೆದರು. ಕಿರಿಯನಿಗೆ ಋಣಿ ಎನ್ನಲು ಹಿರಿಯರಿಗೆ ಸಂಕೋಚವಾಗಲಿಲ್ಲ.

1962ರಲ್ಲಿ ರಾಷ್ಟ್ರಪತಿಯಾದರು. ಆ ವರ್ಷದಿಂದಲೇ ಅವರ ಹುಟ್ಟುಹಬ್ಬ ಶಿಕ್ಷಕರ ದಿನವಾಯಿತು. 1975ರಲ್ಲಿ ಇದೇ ಊರಿನಲ್ಲಿ ಕಣ್ಣುಮುಚ್ಚಿದರು. ಮೈಲಾಪುರದಲ್ಲಿ ಅವರ ಹೆಸರಿನ ರಸ್ತೆಯಲ್ಲಿ ಬಸ್ಸು ಹೋಗುವಾಗೆಲ್ಲ ನನಗೆ ಆ ಹುಣಸೆಮರ ನೆನಪಾಗುತ್ತೆ. ರಾಧಾಕೃಷ್ಣನ್ನರ ಪ್ರತಿಭೆ ಎಲ್ಲರಿಗೂ ಬರೋದಿಲ್ಲ, ನಿಜ. ಆದರೆ ಮೆಚ್ಚುವ ಗುರು, ಪಾಠ ಕೇಳುವ ಜೊತೆಗಾರರು, ಒಬ್ಬ ಹಿರಿಯಣ್ಣ — ಇಷ್ಟು ಅವರಿಗೆ ಸಿಕ್ಕಿತ್ತು. ನಮ್ಮ ಮೇಷ್ಟ್ರಿಗೆ ಬುತ್ತಿ ಹಂಚಿಕೊಳ್ಳಲು ಒಬ್ಬರೂ ಸಿಗಲಿಲ್ಲ. ಸೆಪ್ಟೆಂಬರ್ 5ರಂದು ಹಾರ ಹಾಕುವ ನಾವು ಇದನ್ನೂ ಸ್ವಲ್ಪ ಯೋಚಿಸಬೇಕು. ನಮ್ಮಲ್ಲೂ ಕೆಲವರು ನಾಳೆ ಮೇಷ್ಟ್ರಾಗುವವರೇ ತಾನೆ?